ಕಟಕಟೆಯ ಸಂದಿಗಳು

ಏಳು ತಿಂಗಳು ತುಂಬಿದ ವಾರ ಅಕ್ಕ ಫೋನ್ ಮಾಡಿದಳು. "ಮಂಚಕ್ಕೆ ದುಡ್ಡು ಹಾಕ್ಬೇಡ ಕಣೇ. ನಮ್ಮದು ಅಟ್ಟದ ಮೇಲೆ ಸುಮ್ನೆ ಬಿದ್ದಿದೆ. ತಗೊಂಡು ಹೋಗು."

ಅಕ್ಕನ ಇಬ್ಬರು ಮಕ್ಕಳೂ ಮಲಗಿ ಬೆಳೆದ ಮಂಚ ಅದು. ಬಿಳಿ ಬಣ್ಣ. ಸುತ್ತಲೂ ಮರದ ಕಂಬಿಗಳ ಕಟಕಟೆ. ಒಂದು ಪಕ್ಕದ ಕಟಕಟೆ ಮಾತ್ರ ಮೇಲೆ ಕೆಳಗೆ ಜಾರುತ್ತದೆ, ಮಗುವನ್ನು ಎತ್ತಿಕೊಳ್ಳಲು ಬಗ್ಗಬೇಕಾಗಿಲ್ಲ. ನನಗೆ ಖುಷಿಯಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ನಗುವವರು ನಗಲಿ, ಪಟ್ಟಿಯಲ್ಲಿ ಒಂದು ಕೆಲಸ ಮುಗಿಯಿತಲ್ಲ ಅಂದುಕೊಂಡೆ.

ಜೋಡಿಸಿದ್ದು ನನ್ನ ಗಂಡ. ನಾನು ಕುರ್ಚಿಯಲ್ಲಿ ಕೂತು ಸ್ಕ್ರೂ ಎಣಿಸಿ ಕೊಡುತ್ತಿದ್ದೆ. ತೂತು ಹನ್ನೆರಡು, ಸ್ಕ್ರೂ ಹನ್ನೊಂದು. ಜಾರುವ ಪಕ್ಕದ ಒಂದು ತುದಿಯಲ್ಲಿ ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಂಡಿ ಮುರಿದಿತ್ತು. ಅಲ್ಲಿಗೆ ನೈಲಾನ್ ದಾರ ಬಿಗಿದಿತ್ತು. ಅದು ಭಾವನ ರಿಪೇರಿ ಅಂತ ನೋಡಿದ ಕೂಡಲೇ ಗೊತ್ತಾಯಿತು. ಭಾವ ದಾರ ಕಟ್ಟದ ವಸ್ತು ಅವರ ಮನೆಯಲ್ಲಿ ಇಲ್ಲ.

ಜೋಡಿಸಿದ ಮೇಲೆ ಮಂಚ ಚೆನ್ನಾಗಿಯೇ ಕಂಡಿತು. ಸುಮ್ನೆ ಗಟ್ಟಿ ಇದೆಯಾ ಅಂತ ಆ ಪಕ್ಕದ ಕೆಳಮೂಲೆಯನ್ನು ಮೊಣಕಾಲಿನಿಂದ ಒತ್ತಿದೆ. ದಾರ ಕಟ್ಟಿದ ತುದಿ ಹೊರಗೆ ಸರಿಯಿತು. ಹಾಸಿಗೆಗೂ ಕಟಕಟೆಗೂ ನಡುವೆ ಬಾಯಿ ತೆರೆದ ಹಾಗೆ ಒಂದು ಸಂದಿ. ನನ್ನ ಮುಷ್ಟಿ ಅದರೊಳಗೆ ಆರಾಮವಾಗಿ ಹೋಯಿತು. ಕಾಲು ತೆಗೆದೆ. ಸಂದಿ ಮುಚ್ಚಿಕೊಂಡಿತು, ಏನೂ ಆಗಿಲ್ಲ ಅನ್ನುವ ಹಾಗೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಓದುತ್ತಾ ಕೂತೆ. ಜಾರುವ ಪಕ್ಕದ ಮಂಚಕ್ಕೆ ಒಂದು ದೊಡ್ಡ ಕಥೆಯೇ ಇದೆ ಅಂತ ಆಗ ಗೊತ್ತಾಯಿತು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2010ರ ಡಿಸೆಂಬರಿನಲ್ಲಿ ಇಂಥ ಮಂಚಗಳು ಬೇಡ ಎಂದು ತೀರ್ಮಾನಿಸಿತು. 2011ರ ಜೂನ್ 28ರಿಂದ ಅಲ್ಲಿ ಅವುಗಳನ್ನು ತಯಾರಿಸುವ ಹಾಗಿಲ್ಲ, ಮಾರುವ ಹಾಗಿಲ್ಲ. 2000ನೇ ಇಸವಿಯಿಂದ ಅಲ್ಲಿಯವರೆಗೆ ಕನಿಷ್ಠ 32 ಮಕ್ಕಳ ಸಾವಿಗೂ ಈ ಜಾರುವ ಪಕ್ಕಕ್ಕೂ ನಂಟು ಇತ್ತು ಎಂದು ಆಯೋಗ ಹೇಳಿತ್ತು. ಕೆನಡಾ 2016ರಲ್ಲಿ ಇದೇ ದಾರಿ ಹಿಡಿಯಿತು.

ಕಾರಣ ಓದಿದಾಗ ನನ್ನ ಮೊಣಕಾಲು ನೆನಪಾಯಿತು. ಜಾರುವ ಪಕ್ಕ ಅಂದರೆ ಅಲುಗಾಡಲೆಂದೇ ಮಾಡಿದ ಪಕ್ಕ. ಅದರ ಕೊಂಡಿ, ಹಳಿ ಎಲ್ಲ ದಿನಕ್ಕೆ ಹತ್ತು ಸಲ ಉಜ್ಜಿಕೊಳ್ಳುತ್ತವೆ. ಪ್ಲಾಸ್ಟಿಕ್ ಸವೆಯುತ್ತದೆ, ಬಿರುಕು ಬಿಡುತ್ತದೆ. ಒಂದು ಮೂಲೆ ಕಳಚಿದರೂ ಪಕ್ಕ ಪೂರ್ತಿ ಬಿದ್ದುಹೋಗುವುದಿಲ್ಲ. ಬಿದ್ದರೆ ನಮಗೆ ಗೊತ್ತಾಗುತ್ತಿತ್ತು. ಮೂರು ಮೂಲೆ ಹಿಡಿದುಕೊಂಡು ನಾಲ್ಕನೆಯದು ಸ್ವಲ್ಪವೇ ಸರಿಯುತ್ತದೆ. ಮಗು ಉರುಳುತ್ತಾ ಆ ಸಂದಿಗೆ ಜಾರುತ್ತದೆ. ಮೈ ಇಳಿಯುತ್ತದೆ, ತಲೆ ಇಳಿಯುವುದಿಲ್ಲ.

ಮರುದಿನ ಅಕ್ಕನಿಗೆ ಹೇಳಬೇಕಿತ್ತು. ನನಗೆ ಹೆರಿಗೆಗಿಂತ ಆ ಫೋನ್ ಕರೆಯ ಭಯವೇ ಜಾಸ್ತಿ ಇತ್ತು.

"ಅಕ್ಕಾ, ಆ ಮಂಚ ಬೇಡ ಅನ್ನಿಸ್ತಿದೆ."

"ಯಾಕೆ? ಬಣ್ಣ ಹಳೇದಾಯ್ತಾ?"

ಓದಿದ್ದನ್ನೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನನ್ನ ಮಕ್ಕಳು ಅದರಲ್ಲೇ ಬೆಳೆದ್ರಲ್ವಾ? ಅವ್ರಿಗೇನಾಯ್ತು?" ಅಂದಳು. ಸಿಟ್ಟಿಗಿಂತ ನೋವು ಜಾಸ್ತಿ ಇತ್ತು ಧ್ವನಿಯಲ್ಲಿ. ನಾನು ಮಂಚ ಬೇಡ ಅಂದರೆ ಅವಳಿಗೆ ಕೇಳಿಸಿದ್ದು 'ನೀನು ನಿನ್ನ ಮಕ್ಕಳನ್ನು ಸರಿಯಾಗಿ ನೋಡಿಕೊಂಡಿಲ್ಲ' ಅಂತ. ಈ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಏನೂ ಆಗದೇ ಇದ್ದವರು ಲಕ್ಷಗಟ್ಟಲೆ ಇರುತ್ತಾರೆ, ಅವರ ಅನುಭವ ಸುಳ್ಳಲ್ಲ. ಆದರೆ ಆ ದಾರ ಕಟ್ಟಿದ್ದು ಮಕ್ಕಳು ಮಲಗುತ್ತಿದ್ದಾಗಲೋ, ಮಂಚ ಬಿಚ್ಚಿಡುವಾಗಲೋ ಅಂತ ಕೇಳಬೇಕು ಅನ್ನಿಸಿತ್ತು. ಕೇಳಲಿಲ್ಲ. ಬಾಯಿ ಮುಚ್ಚಿಕೊಂಡಿದ್ದು ಒಳ್ಳೆಯದಾಯಿತು.

ಹೊಸ ಮಂಚ ನೋಡಲು ಹೊರಟಾಗ ನನ್ನ ಕೈಚೀಲದಲ್ಲಿ ಒಂದು ಅಳತೆ ಟೇಪು ಇತ್ತು. ಮೊದಲ ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ಎಲ್ಲರೂ ಬಣ್ಣ ಕೇಳುತ್ತಾರೆ, ಹಾಸಿಗೆ ಒತ್ತಿ ನೋಡುತ್ತಾರೆ. ಇವಳು ಮಂಡಿಯೂರಿ ಕಂಬಿಗಳ ನಡುವೆ ಟೇಪು ತೂರಿಸುತ್ತಿದ್ದಾಳೆ. ಅದೂ ಎಂಟನೇ ತಿಂಗಳಲ್ಲಿ. ಮಂಡಿಯೂರಿದ ಮೇಲೆ ಏಳಲು ಇಬ್ಬರು ಬೇಕಾದರು, ಅದು ಬೇರೆ ಮಾತು.

ಕಂಬಿಗಳ ನಡುವಿನ ಅಂತರಕ್ಕೆ ಒಂದು ಲೆಕ್ಕ ಇದೆ. ಅಮೆರಿಕದ ನಿಯಮದಲ್ಲಿ ಅದು 6 ಸೆಂಟಿಮೀಟರ್ ಮೀರಬಾರದು. ಈ ಅಳತೆ 1970ರ ದಶಕದಿಂದಲೂ ಇದೆ. ಅದಕ್ಕೂ ಮೊದಲಿನ ಮಂಚಗಳಲ್ಲಿ ಕಂಬಿಗಳು ಇನ್ನೂ ದೂರ ದೂರ ಇರುತ್ತಿದ್ದವು. ಪುಟ್ಟ ಮಗುವಿನ ದೇಹದಲ್ಲಿ ಎಲ್ಲಕ್ಕಿಂತ ದೊಡ್ಡದು ತಲೆ. ಸೊಂಟ ಸಣ್ಣದು, ಒತ್ತಿದರೆ ಇನ್ನೂ ಸಣ್ಣದಾಗುತ್ತದೆ. ಕಾಲು ಮುಂದೆ ಮಾಡಿ ಜಾರಿದರೆ ಸೊಂಟ ದಾಟುತ್ತದೆ, ಎದೆ ದಾಟುತ್ತದೆ, ಕೊನೆಗೆ ತಲೆ ಸಿಕ್ಕಿಕೊಳ್ಳುತ್ತದೆ. ದೊಡ್ಡವರು ಯಾವುದಾದರೂ ಸಂದಿಯಲ್ಲಿ ತೂರುವಾಗ ತಲೆ ಹೋದರೆ ಮೈ ಹೋಗುತ್ತದಾ ಅಂತ ಯೋಚಿಸುತ್ತೇವೆ. ಮಗುವಿನ ವಿಷಯದಲ್ಲಿ ಅದು ತಲೆಕೆಳಗು. ಮೈ ಹೋದರೂ ತಲೆ ಹೋಗುವುದಿಲ್ಲ.

ಟೇಪು ಇಲ್ಲದವರಿಗೆ ಒಂದು ಸುಲಭ ಉಪಾಯ ಇದೆ. ತಂಪು ಪಾನೀಯದ ಮಾಮೂಲಿ ದಪ್ಪದ ಡಬ್ಬಿ ಕಂಬಿಗಳ ನಡುವೆ ತೂರಿದರೆ ಆ ಮಂಚ ಬೇಡ.

ನನಗೆ ಹೆಚ್ಚು ಇಷ್ಟವಾಗಿದ್ದು ಯುರೋಪಿನ ಇಎನ್ 716 ಅನ್ನುವ ಮಾನದಂಡ. ಅದರಲ್ಲಿ ಕಂಬಿಗಳ ನಡುವೆ 45ರಿಂದ 65 ಮಿಲಿಮೀಟರ್ ಇರಬೇಕು ಅಂತಿದೆ. ಹೆಚ್ಚು ಇರಬಾರದು ಸರಿ, ಕಡಿಮೆ ಯಾಕೆ ಇರಬಾರದು? ಮೊದಲು ನನಗೆ ಅರ್ಥವಾಗಲಿಲ್ಲ. ಸಂದಿ ಕಡಿಮೆ ಇದ್ದಷ್ಟೂ ಒಳ್ಳೆಯದಲ್ವಾ? ಅಲ್ಲ. ಮಂಚದ ಉಳಿದ ತೂತು, ಸಂದಿಗಳಿಗೂ ಅವರು ಅಳತೆ ಬರೆದಿದ್ದಾರೆ. 7 ಮಿಲಿಮೀಟರಿಗಿಂತ ಕಡಿಮೆ ಇರಬಹುದು. 12ರಿಂದ 25ರ ನಡುವೆ ಇರಬಹುದು. 45ರಿಂದ 65ರ ನಡುವೆ ಇರಬಹುದು. ಮಧ್ಯದ ಅಳತೆಗಳು ಬೇಡ. 7ಕ್ಕಿಂತ ಚಿಕ್ಕದರಲ್ಲಿ ಬೆರಳೇ ಹೋಗುವುದಿಲ್ಲ. 12 ದಾಟಿದರೆ ಬೆರಳು ಹೋಗಿ ಸರಾಗವಾಗಿ ವಾಪಸ್ ಬರುತ್ತದೆ. ಆ ಎರಡರ ನಡುವಿನದು ಬೆರಳು ಸಿಕ್ಕಿಕೊಳ್ಳುವ ಜಾಗ. ಹಾಗೆಯೇ 25ರಿಂದ 45ರವರೆಗಿನದು ಕೈಕಾಲು ಸಿಕ್ಕಿಕೊಳ್ಳುವ ಜಾಗ.

ಇದನ್ನು ಓದಿದಾಗ ನನಗೆ ಆ ನಿಯಮದ ಪುಟ ಒಂದು ಚಿತ್ರದ ಹಾಗೆ ಕಂಡಿತು. ಮಗುವಿನ ಬೆರಳು, ಮಣಿಕಟ್ಟು, ಮೊಣಕಾಲು, ಸೊಂಟ, ತಲೆ. ಯಾರೋ ಇವನ್ನೆಲ್ಲ ಅಳೆದು ಕೂತಿದ್ದಾರೆ. ಮಂಚದ ಮರ ಎಲ್ಲಿರಬೇಕು ಅನ್ನುವುದಕ್ಕಿಂತ ಮರ ಇಲ್ಲದ ಜಾಗ ಹೇಗಿರಬೇಕು ಅಂತ ಯೋಚಿಸಿದ್ದಾರೆ. ಆಮೇಲೆ ನಾನು ಯಾವ ಅಂಗಡಿಗೆ ಹೋದರೂ ಮಂಚ ಕಾಣಿಸಲಿಲ್ಲ, ಸಂದಿಗೊಂದಿಗಳೇ ಕಾಣಿಸಿದವು. ತಲೆಹಲಗೆಯಲ್ಲಿ ಚಂದಕ್ಕೆ ಅಂತ ಕೊರೆದ ಹೃದಯದ ಆಕಾರ, ಚಂದ್ರನ ಆಕಾರ. ಆ ಹೃದಯದ ಕೆಳಗಿನ ಚೂಪು ಮೂಲೆ ನೋಡಿ. ಮೇಲಿನ ಅಗಲ ಜಾಗದಲ್ಲಿ ಹೋದ ಕೈ ಕೆಳಗಿನ ಕಿರಿದಾದ ಜಾಗಕ್ಕೆ ಜಾರಿ ಕೂರುತ್ತದೆ. ಕೆತ್ತನೆ ಇರುವ ಮಂಚಗಳನ್ನೆಲ್ಲ ನಾನು ಅಲ್ಲೇ ಬಿಟ್ಟೆ. ಮೂಲೆಯ ಕಂಬಗಳ ತುದಿಯಲ್ಲಿ ಎದ್ದು ನಿಂತ ಗುಂಡು ಇದ್ದವನ್ನೂ ಬಿಟ್ಟೆ. ನಿಂತು ಬಗ್ಗುವ ಮಗುವಿನ ಅಂಗಿಯ ಕೊರಳಪಟ್ಟಿಯೋ ದಾರವೋ ಅದಕ್ಕೆ ತಗುಲಿಕೊಂಡರೆ ನೇಣು ಬಿದ್ದ ಹಾಗಾಗುತ್ತದೆ. ಮೂಲೆಗಳು ಕಟಕಟೆಯ ಸಮಕ್ಕೆ ಇರಬೇಕು.

ಹಾಸಿಗೆಯ ವಿಷಯಕ್ಕೆ ಬಂದಾಗ ನಾನೇ ಎಡವಿದೆ. ಕೈಯಿಂದ ಒತ್ತಿ ನೋಡಿದೆ. ಗಟ್ಟಿ ಇತ್ತು, ಹಲಗೆಯ ಹಾಗೆ. ಇದರ ಮೇಲೆ ಮಗು ಹೇಗೆ ಮಲಗುತ್ತದೆ ಪಾಪ ಅಂತ, ಮೇಲೆ ಹಾಸಲು ಎರಡು ಇಂಚಿನ ಮೆತ್ತನೆಯ ಇನ್ನೊಂದು ಪದರ ಕೊಂಡುಬಿಟ್ಟೆ. ಒತ್ತಿದರೆ ಅಂಗೈಯ ಗುರುತು ಹಾಗೇ ಉಳಿದು ನಿಧಾನಕ್ಕೆ ಮಾಯವಾಗುತ್ತಿತ್ತು. ಅದನ್ನು ನೋಡುವುದೇ ಒಂದು ಸುಖ.

ಆ ಅಂಗೈಯ ಗುರುತೇ ತೊಂದರೆ. ಮಗುವಿನ ಮುಖ ಅಲ್ಲಿ ಹೂತರೆ, ಮುಖದ ಸುತ್ತ ಒಂದು ಪುಟ್ಟ ಗುಂಡಿಯಾಗುತ್ತದೆ. ಬಿಟ್ಟ ಉಸಿರು ಅದರಲ್ಲೇ ನಿಲ್ಲುತ್ತದೆ. ಮಗು ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಆಮ್ಲಜನಕ ಕಡಿಮೆಯಾಗುತ್ತಾ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗುತ್ತಾ ಹೋಗುತ್ತದೆ. ನಮಗೆ ಹೀಗಾದರೆ ಎಚ್ಚರವಾಗಿ ಹೊರಳುತ್ತೇವೆ. ಕೆಲವು ಎಳೆ ಮಕ್ಕಳಿಗೆ ಆ ಎಚ್ಚರ ಬರುವುದಿಲ್ಲ, ಬಂದರೂ ತಲೆ ಎತ್ತಿ ಹೊರಳುವಷ್ಟು ಕುತ್ತಿಗೆ ಗಟ್ಟಿಯಾಗಿರುವುದಿಲ್ಲ. ಒತ್ತಿ ಕೈ ತೆಗೆದ ಕೂಡಲೇ ಮೊದಲಿನ ಹಾಗೆ ಸಪಾಟಾಗಬೇಕು, ಅಂಥದ್ದೇ ಮಗುವಿಗೆ ಸರಿಯಾದ ಹಾಸಿಗೆ. ನಮ್ಮ ಬೆನ್ನಿಗೆ ಹಿತವಾದದ್ದು ಅವರ ಮೂಗಿಗೆ ಹಿತವಲ್ಲ.

ಮೆತ್ತನೆಯ ಪದರ ವಾಪಸ್ ಕೊಡಲು ಹೋದಾಗ ಅಂಗಡಿಯವರು ತೆಗೆದುಕೊಳ್ಳಲಿಲ್ಲ. ಪ್ಯಾಕೆಟ್ ಒಡೆದಿದ್ದೆನಲ್ಲ. ಈಗ ಅದು ನನ್ನ ಗಂಡನ ಕಡೆಯ ಹಾಸಿಗೆಯಲ್ಲಿದೆ. ಅವರು ಖುಷಿಯಾಗಿದ್ದಾರೆ.

ಆ ಪದರ ಇನ್ನೂ ಎರಡು ತಪ್ಪು ಮಾಡುತ್ತಿತ್ತು. ಒಂದು, ಹಾಸಿಗೆ ಎತ್ತರವಾದಷ್ಟೂ ಕಟಕಟೆ ಗಿಡ್ಡವಾಗುತ್ತದೆ. ಯುರೋಪಿನ ಮಂಚಗಳ ಜೊತೆ ಬರುವ ಸೂಚನೆಯಲ್ಲಿ, ತಳವನ್ನು ಪೂರ್ತಿ ಇಳಿಸಿದಾಗ ಹಾಸಿಗೆಯ ಮೇಲ್ಮೈಯಿಂದ ಕಟಕಟೆಯ ತುದಿಗೆ ಕನಿಷ್ಠ 50 ಸೆಂಟಿಮೀಟರ್ ಇರಬೇಕು ಅಂತ ಬರೆದಿರುತ್ತದೆ. ತಳ ಮೇಲಿದ್ದಾಗ ಕನಿಷ್ಠ 20. ಎರಡು ಇಂಚು ಅಂದರೆ 5 ಸೆಂಟಿಮೀಟರ್ ಅಲ್ಲೇ ಹೋಯಿತು. ಇನ್ನೊಂದು, ಮೇಲಿನ ಪದರ ಸರಿದರೆ ಪಕ್ಕದಲ್ಲಿ ಮತ್ತೊಂದು ಸಂದಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಇಲ್ಲಿ ಮಂಚ ಇದ್ದಷ್ಟೂ ಹಾಸಿಗೆ ಚಾಚಬೇಕು. ನಾಲ್ಕೂ ಪಕ್ಕದಲ್ಲಿ ಹಾಸಿಗೆಗೂ ಕಟಕಟೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ಹಾಸಿಗೆಯನ್ನು ಒಂದು ಮೂಲೆಗೆ ಪೂರ್ತಿ ತಳ್ಳಿ, ಎದುರು ಮೂಲೆಯಲ್ಲಿ ನೋಡಬೇಕು. ಮಧ್ಯದಲ್ಲಿಟ್ಟು ನೋಡಿದರೆ ಸಂದಿ ಎರಡೂ ಕಡೆ ಹಂಚಿಕೊಂಡು ಸಣ್ಣದಾಗಿ ಕಾಣುತ್ತದೆ. ನಾನು ಮೊದಲು ಹಾಗೇ ಮೋಸ ಹೋಗಿದ್ದೆ. ಮಂಚ ಒಂದು ಕಡೆ, ಹಾಸಿಗೆ ಇನ್ನೊಂದು ಕಡೆ ಕೊಳ್ಳುವವರು ಅಳತೆ ಬರೆದುಕೊಂಡು ಹೋಗುವುದು ಒಳ್ಳೆಯದು. ಬ್ರಿಟನ್ನಿನಲ್ಲಿ ಮಾಮೂಲಿ ಬೇಬಿ ಕಾಟ್ ಅಂದರೆ 120ಕ್ಕೆ 60 ಸೆಂಟಿಮೀಟರ್, ಮುಂದೆ ಪಕ್ಕ ಬಿಚ್ಚಿ ಪುಟಾಣಿ ಮಂಚ ಮಾಡಿಕೊಳ್ಳುವ ಕಾಟ್ ಬೆಡ್ ಅಂದರೆ 140ಕ್ಕೆ 70. ಅಮೆರಿಕದಲ್ಲಿ ಬೇರೆ, ಸುಮಾರು 131ಕ್ಕೆ 69. ಹೆಸರು ಒಂದೇ ಇದ್ದರೂ ಅಳತೆ ಒಂದೇ ಇರುವುದಿಲ್ಲ.

ನಾವು ಕೊಂಡಿದ್ದು 140ಕ್ಕೆ 70ರದ್ದು. ಜಾಗ ಜಾಸ್ತಿ ತಿನ್ನುತ್ತದೆ. ಬಾಗಿಲು ಪೂರ್ತಿ ತೆರೆಯುವುದಿಲ್ಲ ಈಗ. ಆದರೆ ನಾಲ್ಕೈದು ವರ್ಷ ಬರುತ್ತದೆ ಅನ್ನುವ ಲೆಕ್ಕ.

ಆಮೇಲೆ ಬಂದವು ಬಂಪರುಗಳು. ಕಟಕಟೆಯ ಒಳಗಡೆ ಸುತ್ತಲೂ ಕಟ್ಟುವ ಮೆತ್ತನೆಯ ಪಟ್ಟಿ. ಮಗು ಹುಟ್ಟಿದ ಹದಿನೈದು ದಿನದಲ್ಲಿ ಎರಡು ಉಡುಗೊರೆಯಾಗಿ ಬಂದವು. ಒಂದರ ಮೇಲೆ ಮೋಡ, ಇನ್ನೊಂದರ ಮೇಲೆ ಆನೆಮರಿ. ಆನೆಮರಿಯದ್ದು ಎಷ್ಟು ಮುದ್ದಾಗಿತ್ತು ಅಂದರೆ ಒಂದು ಮಧ್ಯಾಹ್ನ ಕಟ್ಟಿ, ಫೋಟೋ ತೆಗೆದು, ಬಿಚ್ಚಿಟ್ಟೆ. ಬಂಪರಿನ ಹಿನ್ನೆಲೆ ನನಗೆ ತಮಾಷೆಯಾಗಿ ಕಂಡಿತು. ಕಂಬಿಗಳು ದೂರ ದೂರ ಇದ್ದ ಕಾಲದಲ್ಲಿ ತಲೆ ತೂರದಿರಲಿ ಅಂತ ಬಂದ ವಸ್ತು ಅದು. ಆಮೇಲೆ ಕಂಬಿಗಳು ಹತ್ತಿರವಾದವು. ಸಂದಿ ಹೋಯಿತು, ಬಂಪರು ಉಳಿಯಿತು. ಚಂದ ಕಾಣುತ್ತದೆ ಅನ್ನುವ ಒಂದೇ ಕಾರಣಕ್ಕೆ ದಶಕಗಟ್ಟಲೆ ಉಳಿಯಿತು. ಅಷ್ಟರಲ್ಲಿ ಅದೇ ಅಪಾಯವಾಗಿತ್ತು. ಮಗು ಉರುಳಿ ಅದಕ್ಕೆ ಮೂಗು ಒತ್ತಿಕೊಂಡು ಮಲಗುತ್ತದೆ, ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ, ದೊಡ್ಡದಾದ ಮೇಲೆ ಅದನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುತ್ತದೆ. ಅಮೆರಿಕದಲ್ಲಿ 2022ರ ಮೇ ತಿಂಗಳಲ್ಲಿ ಸಹಿಯಾದ ಕಾನೂನು ಮೆತ್ತನೆಯ ಬಂಪರುಗಳನ್ನು ನಿಷೇಧಿಸಿತು. ಜೊತೆಗೆ 10 ಡಿಗ್ರಿಗಿಂತ ಹೆಚ್ಚು ಓರೆಯಾಗಿರುವ, ಮಕ್ಕಳನ್ನು ಮಲಗಿಸಲೆಂದೇ ಮಾಡಿದ ಸಾಧನಗಳನ್ನೂ. ಓರೆಯಲ್ಲಿ ಮಲಗಿದ ಮಗುವಿನ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಸಪಾಟು ಹಾಸಿಗೆ ಅಂತ ಪದೇ ಪದೇ ಹೇಳುವುದು ಅದಕ್ಕೇ.

ಹೀಗೆ ಒಂದೊಂದೇ ತೆಗೆಯುತ್ತಾ ಹೋಗಿ ಕೊನೆಗೆ ಮಂಚದಲ್ಲಿ ಉಳಿದಿದ್ದು ಗಟ್ಟಿ ಹಾಸಿಗೆ, ಅದಕ್ಕೆ ಬಿಗಿಯಾಗಿ ಹಾಸಿದ ಒಂದು ಹಾಸುಬಟ್ಟೆ, ಮಗು. ದಿಂಬಿಲ್ಲ, ಕೌದಿಯಿಲ್ಲ, ಗೊಂಬೆಯಿಲ್ಲ. ನೋಡಿದವರಿಗೆಲ್ಲ ಬೇಜಾರು. "ಏನಮ್ಮ, ಖೈದಿ ಥರ ಮಲಗಿಸಿದ್ದೀಯಲ್ಲ" ಅಂದರು ಒಬ್ಬರು. ಸರಿಯಾಗೇ ಹೇಳಿದರು, ಕಟಕಟೆ ಅಂದರೆ ಕೋರ್ಟಿನದೂ ಅದೇ ಅಲ್ವಾ.

ನನಗೂ ಮೊದಮೊದಲು ಬೇಜಾರೇ. ಆ ಖಾಲಿ ಮಂಚ ನೋಡಿದರೆ ನಾನು ಏನೋ ಕೊಡದೆ ಉಳಿಸಿಕೊಂಡಿದ್ದೇನೆ ಅನ್ನಿಸುತ್ತಿತ್ತು. ಮಗು ಮೊದಲ ಮೂರು ತಿಂಗಳು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ಅಷ್ಟು ಹೊತ್ತು ಇರುವ ಜಾಗವನ್ನು ಅಲಂಕರಿಸಬೇಕು ಅನ್ನಿಸುವುದು ಸಹಜ. ಆದರೆ ಅವಳನ್ನು ಗಮನಿಸುತ್ತಾ ಹೋದೆ. ಅವಳಿಗೆ ಖಾಲಿತನ ಕಾಣಿಸುತ್ತಲೇ ಇರಲಿಲ್ಲ. ಅವಳು ನೋಡುತ್ತಿದ್ದದ್ದು ಕಂಬಿಗಳ ನೆರಳು. ಬೆಳಗಿನ ಹೊತ್ತು ಹಾಸಿಗೆಯ ಮೇಲೆ ಬೀಳುವ ಆ ಪಟ್ಟೆಪಟ್ಟೆ ನೆರಳಿಗೆ ಕೈ ಹಾಕಿ ಹಿಡಿಯಲು ನೋಡುತ್ತಿದ್ದಳು. ಸಂದಿಗಳಿಂದ ಹೊರಗೆ ನೋಡುತ್ತಿದ್ದಳು. ನಾನು ಪಕ್ಕದ ಹಾಸಿಗೆಯಲ್ಲಿ ಹೊರಳಿದರೆ ಅವಳ ಕಣ್ಣು ನನ್ನ ಜೊತೆ ಹೊರಳುತ್ತಿತ್ತು.

ಮಂಚ ನಮ್ಮ ಕೋಣೆಯಲ್ಲೇ ಇತ್ತು, ನನ್ನ ಕೈಗೆ ಸಿಗುವಷ್ಟು ಹತ್ತಿರ. ಕನಿಷ್ಠ 6 ತಿಂಗಳವರೆಗೆ ಒಂದೇ ಕೋಣೆ, ಬೇರೆ ಹಾಸಿಗೆ ಅನ್ನುವುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ.

ಅಂಗಾತ ಮಲಗಿಸುವ ಬಗ್ಗೆ ಒಂದು ಮಾತು. ಅಮ್ಮನಿಗೆ ಇದು ಕೊನೆಗೂ ಒಪ್ಪಿಗೆಯಾಗಲಿಲ್ಲ. "ಬೋರಲು ಮಲಗಿಸಿದ್ರೆ ಗಾಢ ನಿದ್ದೆ ಮಾಡ್ತಾವೆ" ಅನ್ನುತ್ತಿದ್ದಳು. ಅವಳು ಹೇಳಿದ್ದು ಸುಳ್ಳಲ್ಲ, ಆ ಗಾಢ ನಿದ್ದೆಯೇ ಕಷ್ಟ. ಅಮ್ಮ ತಾಯಿಯಾದ ಕಾಲದಲ್ಲಿ ಎಷ್ಟೋ ದೇಶಗಳ ವೈದ್ಯರೇ ಬೋರಲು ಮಲಗಿಸಿ ಅನ್ನುತ್ತಿದ್ದರು. ಆಮೇಲೆ ನ್ಯೂಜಿಲೆಂಡಿನಲ್ಲಿ ನಡೆದ ಅಧ್ಯಯನ, ನಿದ್ದೆಯಲ್ಲಿ ಕಾರಣವಿಲ್ಲದೆ ಸಾಯುವ ಮಕ್ಕಳಿಗೂ ಬೋರಲು ಮಲಗುವುದಕ್ಕೂ ಇರುವ ನಂಟನ್ನು ಎತ್ತಿ ತೋರಿಸಿತು. ಬ್ರಿಟನ್ನಿನ ಟಿವಿ ನಿರೂಪಕಿ ಆನ್ ಡೈಮಂಡ್ 1991ರಲ್ಲಿ ತಮ್ಮ ಕೂಸನ್ನು ಹಾಗೆ ಕಳೆದುಕೊಂಡರು. ಅದೇ ವರ್ಷದ ಕೊನೆಗೆ ಅಲ್ಲಿ ಅಂಗಾತ ಮಲಗಿಸಿ ಅನ್ನುವ ಪ್ರಚಾರ ಶುರುವಾಯಿತು, ಅವರೂ ಅದರ ಮುಂದೆ ನಿಂತರು. ಅಮೆರಿಕದಲ್ಲಿ 1994ರಲ್ಲಿ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಎರಡೂ ಕಡೆ ಇಂಥ ಸಾವುಗಳು ಅರ್ಧಕ್ಕಿಂತ ಕಡಿಮೆಯಾದವು. ಮಗುವನ್ನು ಮಲಗಿಸುವ ಮಗ್ಗುಲು ಬದಲಿಸಿದ್ದಕ್ಕೆ ಅಷ್ಟು. ಅದಕ್ಕೆ ದುಡ್ಡೂ ಬೇಡ, ಯಾವ ಮಂಚವೂ ಬೇಡ. ಮಂಚ ಹುಡುಕಿ ಹುಡುಕಿ ಸುಸ್ತಾದ ನನಗೆ ಇದನ್ನು ಓದಿ ಒಂಥರಾ ಪೆಚ್ಚಾಯಿತು.

ಹೊದಿಕೆಯ ಬದಲು ನಾವು ತೋಳಿಲ್ಲದ ಮಲಗುವ ಚೀಲ ಬಳಸಿದೆವು. ಕೊರಳಿನ ಅಳತೆ ಸರಿ ಇರಬೇಕು, ದೊಡ್ಡದಾದರೆ ಮಗು ಒಳಗೆ ಜಾರುತ್ತದೆ. ಸೆಕೆಯೋ ಚಳಿಯೋ ಅಂತ ತಿಳಿಯಲು ಕೈಕಾಲು ಮುಟ್ಟಬಾರದು, ಅವು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ. ಕುತ್ತಿಗೆಯ ಹಿಂಭಾಗ ಅಥವಾ ಎದೆ ಮುಟ್ಟಿ ನೋಡಬೇಕು. ಬೆವರಿದ್ದರೆ ಒಂದು ಪದರ ಕಡಿಮೆ ಮಾಡಬೇಕು.

ಮರ, ಬಣ್ಣದ ವಿಷಯ ಆರು ತಿಂಗಳವರೆಗೆ ನನಗೆ ಅಷ್ಟು ಮುಖ್ಯ ಅನ್ನಿಸಿರಲಿಲ್ಲ. ಆಮೇಲೆ ಹಲ್ಲು ಬಂತು. ಒಂದು ಬೆಳಗ್ಗೆ ಎದ್ದು ನೋಡಿದರೆ ಕಟಕಟೆಯ ಮೇಲಂಚನ್ನು ಇಲಿಯ ಹಾಗೆ ಕಡಿಯುತ್ತಾ ಕೂತಿದ್ದಾಳೆ. ನಮ್ಮದು ಪೈನ್ ಮರ, ಮೆದು. ಹಲ್ಲಿನ ಸಾಲು ಸಾಲು ಗುರುತು. ಬೀಚ್ ಮರವಾದರೆ ಇಷ್ಟು ಬೇಗ ಗುರುತು ಬೀಳುವುದಿಲ್ಲ. ನಮ್ಮದು ಹೊಸ ಮಂಚ, ಬಣ್ಣದ ಬಗ್ಗೆ ಕೇಳಿ ತಂದಿದ್ದೆವು, ಆದ್ದರಿಂದ ನಕ್ಕು ಸುಮ್ಮನಾದೆ. ಹಳೆಯ ಮಂಚವಾಗಿದ್ದರೆ ನಗು ಬರುತ್ತಿರಲಿಲ್ಲ. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅಮೆರಿಕ ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದೇ 1978ರಲ್ಲಿ. ಈಗ ಅಲ್ಲಿ ಹತ್ತು ಲಕ್ಷಕ್ಕೆ 90 ಭಾಗ ಮೀರುವ ಹಾಗಿಲ್ಲ. ಸೀಸದ ಬಣ್ಣ ಸ್ವಲ್ಪ ಸಿಹಿ ಇರುತ್ತದಂತೆ, ಮಕ್ಕಳು ಮತ್ತೆ ಮತ್ತೆ ನೆಕ್ಕುತ್ತವೆ. ಸೀಸ ಬುದ್ಧಿ ಬೆಳೆಯುವ ವಯಸ್ಸಿನಲ್ಲೇ ಮಿದುಳಿಗೆ ಪೆಟ್ಟು ಕೊಡುತ್ತದೆ. ಹಳೆಯ ಮಂಚಕ್ಕೆ ಮೇಲೊಂದು ಹೊಸ ಬಣ್ಣ ಬಳಿದರೆ ಒಳಗಿನದು ಹೋಗುವುದಿಲ್ಲ, ಹಲ್ಲು ಒಳಗಿನವರೆಗೂ ಹೋಗುತ್ತದೆ.

ಹೊಸ ಮಂಚದ ವಾಸನೆ ಬೇರೆ ವಿಷಯ. ಅಂಟು, ವಾರ್ನಿಶ್ ವಾಸನೆ. ಕೆಲವು ವಾರ ಮುಂಚೆಯೇ ಜೋಡಿಸಿ ಕಿಟಕಿ ತೆರೆದಿಟ್ಟೆವು. ಅಷ್ಟೇ.

ಜೋಡಿಸುವಾಗ ಒಂದು ಜಗಳ ಆಯಿತು. ಪೆಟ್ಟಿಗೆಯಲ್ಲಿ ಒಂದು ಬೋಲ್ಟ್ ಕಡಿಮೆ ಇತ್ತು. ಹಳೆ ಮಂಚದಲ್ಲೂ ಒಂದು ಕಡಿಮೆ, ಹೊಸತರಲ್ಲೂ ಒಂದು ಕಡಿಮೆ, ನನ್ನ ಹಣೆಬರಹ. ನನ್ನ ಗಂಡ ಡಬ್ಬಿ ತಡಕಾಡಿ ಅದೇ ದಪ್ಪದ ಬೋಲ್ಟ್ ಹುಡುಕಿದರು. "ಸರಿಯಾಗಿ ಕೂರ್ತದೆ ನೋಡು." ಕೂರುತ್ತಿತ್ತು. ಅರ್ಧ ಸೆಂಟಿಮೀಟರ್ ಉದ್ದ ಕಡಿಮೆ, ಅಷ್ಟೇ. ನಾನು ಬೇಡ ಅಂದೆ. ಕಂಪನಿಗೆ ಪತ್ರ ಬರೆದು, ಎರಡು ಸಲ ಫೋನ್ ಮಾಡಿ, ಹನ್ನೆರಡು ದಿನ ಕಾದು ತರಿಸಿಕೊಂಡೆವು. ಅಷ್ಟು ದಿನ ಮಂಚ ಮೂರು ಗೋಡೆಯ ಮನೆಯ ಹಾಗೆ ನಿಂತಿತ್ತು. ಅವರಿಗೆ ನನ್ನ ಹಟ ಅತಿ ಅನ್ನಿಸಿರಬೇಕು. ನನ್ನ ಕಣ್ಣಿಗೆ ಮಾತ್ರ ಆ ಗಿಡ್ಡ ಬೋಲ್ಟಿನ ಜಾಗದಲ್ಲಿ ನೈಲಾನ್ ದಾರ ಕಾಣುತ್ತಿತ್ತು.

ಒಂದು ವಿಷಯ ಒಪ್ಪಿಕೊಳ್ಳಬೇಕು. ಜಾರುವ ಪಕ್ಕ ಇಲ್ಲದ ಮಂಚ ಕುಳ್ಳಗಿರುವವರಿಗೆ ನಿಜಕ್ಕೂ ಕಷ್ಟ. ನಾನು ಐದಡಿ. ತಳ ಮೇಲಿದ್ದಷ್ಟು ದಿನ ಏನೂ ತೊಂದರೆ ಇರಲಿಲ್ಲ. ಮಗು ಎದ್ದು ಕೂರಲು ಶುರುಮಾಡಿದಾಗ ತಳ ಇಳಿಸಬೇಕು, ಹಿಡಿದು ನಿಲ್ಲುವ ಹೊತ್ತಿಗೆ ಪೂರ್ತಿ ಕೆಳಗೆ. ಆಗ ನಿದ್ದೆ ಹೋದ ಮಗುವನ್ನು ಅಲ್ಲಿಯವರೆಗೆ ಇಳಿಸುವುದು ಬಾವಿಗೆ ಕೊಡ ಇಳಿಸಿದ ಹಾಗೆ. ಕಟಕಟೆ ಪಕ್ಕೆಲುಬಿಗೆ ಒತ್ತುತ್ತದೆ, ಕೊನೆಯ ನಾಲ್ಕು ಬೆರಳು ಉಳಿದಾಗ ಕೈ ಸೋಲುತ್ತದೆ, ಮಗು ದೊಪ್ಪೆಂದು ಬಿದ್ದು ಕಣ್ಣು ಬಿಡುತ್ತದೆ. ಆ ರಾತ್ರಿಗಳಲ್ಲಿ ಅಕ್ಕನ ಮಂಚವನ್ನು ಎಷ್ಟು ಸಲ ನೆನೆಸಿಕೊಂಡೆನೋ. ಕೊನೆಗೆ ಒಂದು ಗಟ್ಟಿ ಮಣೆ ಇಟ್ಟುಕೊಂಡು ಅದರ ಮೇಲೆ ನಿಂತು ಇಳಿಸುತ್ತಿದ್ದೆ. ಕೆಲಸ ಮುಗಿದ ಮೇಲೆ ಮಣೆಯನ್ನು ದೂರ ಸರಿಸಿಡುತ್ತಿದ್ದೆ.

ಮಂಚ ಇಡುವ ಜಾಗವನ್ನೂ ಎರಡು ಸಲ ಬದಲಿಸಿದೆವು. ಮೊದಲು ಕಿಟಕಿಯ ಪಕ್ಕ ಇತ್ತು, ಬೆಳಕು ಚೆನ್ನಾಗಿದೆ ಅಂತ. ಪರದೆಯ ದಾರ ಅಲ್ಲೇ ನೇತಾಡುತ್ತಿದ್ದುದು ಕಣ್ಣಿಗೆ ಬಿದ್ದಿದ್ದು ಆಮೇಲೆ. ದಾರ ಅನ್ನುವ ಜಾತಿಯ ಯಾವುದೂ ಮಗುವಿನ ಕೈಗೆ ಸಿಗಬಾರದು. ಕ್ಯಾಮೆರಾದ ವೈರು ಕೂಡ ಮಂಚದಿಂದ ಒಂದು ಮೀಟರ್ ಆಚೆ ಇರಬೇಕು. ಮೇಲೆ ನೇತುಹಾಕಿದ್ದ ತಿರುಗುವ ಗೊಂಬೆಗಳನ್ನು ಐದು ತಿಂಗಳಿಗೆ ಬಿಚ್ಚಿದೆವು. ಕೈಯೂರಿ ಮೇಲೇಳಲು ಅಷ್ಟರೊಳಗೇ ಕಲಿತರೆ ಅವತ್ತೇ ಬಿಚ್ಚಬೇಕು. ಆ ದಿನ ಮಗಳು ಜೋರಾಗಿ ಅತ್ತಳು. ಅವಳ ಜೊತೆ ನಾನೂ ಸ್ವಲ್ಪ.

ಅಕ್ಕನ ಮಂಚದ ಕಥೆ ಬಾಕಿ ಇದೆ. ಅದು ನಮ್ಮ ಮನೆಯಲ್ಲೇ ಗೋಡೆಗೆ ಒರಗಿ ನಿಂತಿತ್ತು. ವಾಪಸ್ ಕೊಟ್ಟರೆ ಅವಳು ಬೇರೆ ಯಾರಿಗಾದರೂ ಕೊಡುತ್ತಾಳೆ, ಪ್ರೀತಿಯಿಂದಲೇ ಕೊಡುತ್ತಾಳೆ. ಹೊರಗಿಟ್ಟರೆ ಯಾರಾದರೂ ಹೊತ್ತೊಯ್ಯುತ್ತಾರೆ. ಹಾಗೆ ಹೋಗಬಾರದ ವಸ್ತು ಅದು. ಮಗಳಿಗೆ ಎಂಟು ತಿಂಗಳಿದ್ದಾಗ ಅಕ್ಕ ಬಂದಳು. ಮಧ್ಯಾಹ್ನ ಅವಳೇ ಆ ಮಂಚದ ಹತ್ತಿರ ಹೋಗಿ ಕೂತಳು. ದಾರ ಕಟ್ಟಿದ ಮೂಲೆ ಹಿಡಿದು ಅಲುಗಾಡಿಸಿದಳು. ನಾನು ಅವತ್ತು ಮೊಣಕಾಲಲ್ಲಿ ಒತ್ತಿದ ಜಾಗದಲ್ಲೇ ಕೈಯಿಂದ ಒತ್ತಿದಳು. ಸಂದಿ ಬಾಯಿ ತೆರೆಯಿತು. ಅವಳು ಬೆರಳು ಹಾಕಿದಳು, ಆಮೇಲೆ ಇಡೀ ಕೈ ಹಾಕಿದಳು.

"ಇದು ಚಿಕ್ಕವನು ಇದ್ದಾಗ್ಲೇ ಮುರಿದಿದ್ದು ಕಣೇ" ಅಂದಳು. ನಾನು ಕೇಳದೇ ಇದ್ದ ಪ್ರಶ್ನೆಗೆ ಉತ್ತರ. ಅವಳ ಚಿಕ್ಕವನು ಆಗ ಅಲ್ಲೇ ಜಗಲಿಯಲ್ಲಿ ಸೈಕಲ್ಲಿನ ಚೈನು ಬಿಚ್ಚುತ್ತಿದ್ದ. ಹದಿಮೂರು ವರ್ಷ ಅವನಿಗೆ. ಅಕ್ಕ ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಗರಗಸ ಇದೆಯಾ ಅಂತ ಕೇಳಿದಳು. ಕಂಬಿಗಳನ್ನೆಲ್ಲ ಅವನ ಕೈಯಲ್ಲೇ ಕೊಯ್ಯಿಸಿದಳು. ಹನ್ನೆರಡು ಕಂಬಿ ಈಗ ನಮ್ಮ ಟೊಮೆಟೊ ಗಿಡಗಳಿಗೆ ಊರುಗೋಲಾಗಿವೆ.

ನನ್ನ ಮಂಚದ ಅಡಿಯಲ್ಲಿ ಅಲೆನ್ ಕೀಯನ್ನು ಟೇಪಿನಿಂದ ಅಂಟಿಸಿಟ್ಟಿದ್ದೇನೆ. ತಿಂಗಳಿಗೊಮ್ಮೆ ಎಲ್ಲ ಬೋಲ್ಟುಗಳನ್ನೂ ಬಿಗಿ ಮಾಡುತ್ತೇನೆ. ಪ್ರತಿ ಸಲವೂ ಒಂದೋ ಎರಡೋ ಕಾಲು ಸುತ್ತು ತಿರುಗುತ್ತವೆ. ಮಗಳು ಕಟಕಟೆ ಹಿಡಿದು ಕುಣಿಯುವ ರೀತಿಗೆ ಅವು ಸಡಿಲವಾಗದಿದ್ದರೇ ಆಶ್ಚರ್ಯ. ಈಗ ಅವಳೂ ಬಗ್ಗಿ ನೋಡುತ್ತಾಳೆ, "ತಿಗು, ತಿಗು" ಅನ್ನುತ್ತಾಳೆ.

ಮಗು 89 ಸೆಂಟಿಮೀಟರ್ ಎತ್ತರವಾದರೆ, ಅಥವಾ ನಿಂತಾಗ ಕಟಕಟೆ ಅದರ ಎದೆಗಿಂತ ಕೆಳಗಾದರೆ, ಮಂಚ ಬಿಡಿಸಬೇಕು. ಅಷ್ಟು ಹೊತ್ತಿಗೆ ಹತ್ತಿ ಹಾರುವ ಧೈರ್ಯ ಬಂದಿರುತ್ತದೆ. ಮೊನ್ನೆ ಅವಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಅದೇ ಟೇಪು ಹಿಡಿದು ಅಳೆದೆ. 84. ತುದಿಗಾಲಲ್ಲಿ ನಿಂತಿರಬಹುದು ಅಂತ ಹಿಮ್ಮಡಿ ಒತ್ತಿ ಇನ್ನೊಮ್ಮೆ ಅಳೆದೆ. ಎಂಬತ್ತಮೂರೂವರೆ.